ಹಳೆಯ ಹಾರ್ಡ್ ಡಿಸ್ಕ್‌ಗಳಿಂದ ಮನೆಗೊಂದು ಸ್ಟೋರೇಜ್ ಸರ್ವರ್: ಸಮಗ್ರ ಮಾರ್ಗದರ್ಶಿ

ಹಳೆಯ ಕಂಪ್ಯೂಟರು, ಸಿಸಿಟಿವಿಯ ಡಿವಿಆರ್, ಕೆಟ್ಟುಹೋದ ಲ್ಯಾಪ್‌ಟಾಪುಗಳಿಂದ ಬಿಚ್ಚಿಟ್ಟ ಹಾರ್ಡ್ ಡಿಸ್ಕ್‌ಗಳು ದಾವಣಗೆರೆಯ ಬಹಳಷ್ಟು ಮನೆಗಳ ಬೀರುವಿನಲ್ಲಿವೆ. ಮದುವೆ ಫೋಟೋಗ್ರಫಿ ಮಾಡುವವರ ಬಳಿಯಂತೂ ಡಬ್ಬಗಟ್ಟಲೆ ಇರುತ್ತವೆ. ಅವನ್ನೆಲ್ಲ ಒಂದು ಕ್ಯಾಬಿನೆಟ್ಟಿಗೆ ಸೇರಿಸಿ, ಮನೆಯ ಎಲ್ಲ ಫೋನು, ಟಿವಿ, ಲ್ಯಾಪ್‌ಟಾಪುಗಳಿಗೆ ಎಟಕುವ ಸ್ಟೋರೇಜ್ ಸರ್ವರ್ ಮಾಡಿಕೊಳ್ಳಲು ಹೊರಟವರು ಸೋಲುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ಕೆಲಸದ ಕ್ರಮ ತಲೆಕೆಳಗಾಗಿರುತ್ತದೆ. ಮೊದಲು ಸಾಫ್ಟ್‌ವೇರ್ ಹಾಕುತ್ತಾರೆ, ಆಮೇಲೆ ಕೈಗೆ ಸಿಕ್ಕ ಡಿಸ್ಕ್‌ಗಳನ್ನೆಲ್ಲ ಜೋಡಿಸುತ್ತಾರೆ, ಅದರ ಮೇಲೆ ಹತ್ತು ವರ್ಷದ ಫೋಟೋ ತುಂಬುತ್ತಾರೆ. ಡಿಸ್ಕ್ ಗಟ್ಟಿಯಾಗಿದೆಯೇ ಎಂಬ ಪ್ರಶ್ನೆ ಏಳುವುದು ಅದು ಕೈಕೊಟ್ಟ ದಿನ.

ಹಳೆಯ ಡಿಸ್ಕ್ ಇಂದಲ್ಲ ನಾಳೆ ಕೆಡುತ್ತದೆ ಎಂದು ಒಪ್ಪಿಕೊಂಡೇ ಯೋಜನೆ ಹಾಕಬೇಕು. ಯಾವ ಡಿಸ್ಕ್ ಕೆಟ್ಟರೆ ಏನು ಹೋಗುತ್ತದೆ, ಹೋದದ್ದು ಎಲ್ಲಿಂದ ಮರಳಿ ಬರುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಬರೆಯಲು ಬಂದ ಮೇಲೆಯೇ ಸ್ಕ್ರೂಡ್ರೈವರ್ ಹಿಡಿಯಬೇಕು. ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲಿಯೇ ಮಾಡಿ. ಮೂರನೆಯ ಹಂತ ಮುಗಿಯುವವರೆಗೆ, ಮೊದಲನೆಯ ಹಂತಕ್ಕೆ ಬೇಕಾದ ಒಂದು ಹೊಸ ಡಿಸ್ಕ್ ಬಿಟ್ಟು, ಸರ್ವರಿಗಾಗಿ ಏನನ್ನೂ ಕೊಳ್ಳಬೇಡಿ.

## ಕೈಯಲ್ಲಿರಬೇಕಾದ ಸಾಮಗ್ರಿ

ಪರೀಕ್ಷೆಗೆ ಸಾಟಾ ಪೋರ್ಟ್ (ಹಾರ್ಡ್ ಡಿಸ್ಕ್ ಜೋಡಿಸುವ ಕಿಂಡಿ) ಇರುವ ಒಂದು ಡೆಸ್ಕ್‌ಟಾಪ್, ಅಥವಾ ಪ್ರತ್ಯೇಕ ಪವರ್ ಅಡಾಪ್ಟರ್ ಇರುವ ಯುಎಸ್‌ಬಿ ಡಾಕ್ ಬೇಕು. 3.5 ಇಂಚಿನ ಡಿಸ್ಕ್‌ಗೆ 12 ವೋಲ್ಟ್ ಬೇಕಾಗುವುದರಿಂದ ಬರೀ ಯುಎಸ್‌ಬಿ ಕೇಬಲ್ಲಿನಿಂದ ಅದು ತಿರುಗುವುದಿಲ್ಲ, ಲ್ಯಾಪ್‌ಟಾಪಿನ 2.5 ಇಂಚಿನ ಡಿಸ್ಕ್ 5 ವೋಲ್ಟಿನಲ್ಲೇ ನಡೆಯುತ್ತದೆ. ಇದರ ಜೊತೆಗೆ ಒಂದು ಲಿನಕ್ಸ್ (ವಿಂಡೋಸಿನಂಥದೇ, ಉಚಿತ ಆಪರೇಟಿಂಗ್ ಸಿಸ್ಟಂ) ಬೂಟ್ ಪೆನ್ ಡ್ರೈವ್, ಬಿಳಿ ಅಂಟುಟೇಪು, ಮಾರ್ಕರ್ ಪೆನ್ನು ಮತ್ತು ಒಂದು ನೋಟ್ ಪುಸ್ತಕ ಇಟ್ಟುಕೊಳ್ಳಿ. ನೋಟ್ ಪುಸ್ತಕವನ್ನು ಬಿಟ್ಟು ಮುಂದೆ ಹೋದವರು ಎರಡನೆಯ ವರ್ಷದಲ್ಲಿ ತೊಂದರೆಗೆ ಸಿಕ್ಕೇ ಸಿಗುತ್ತಾರೆ.

## ಹಂತ 1: ಡಿಸ್ಕ್‌ನಲ್ಲಿ ಇರುವುದನ್ನು ಮೊದಲು ಹೊರತೆಗೆಯಿರಿ

ವರ್ಷಗಳಿಂದ ಸುಮ್ಮನಿದ್ದ ಡಿಸ್ಕ್‌ಗೆ ಕರೆಂಟು ಕೊಟ್ಟ ಮೊದಲ ಗಂಟೆಯೇ ಅದರ ಕೊನೆಯ ಗಂಟೆಯೂ ಆಗಬಹುದು. ಆದ್ದರಿಂದ ಪರೀಕ್ಷೆಗೂ ಮೊದಲು ಅದರೊಳಗಿನ ಫೋಟೋ, ದಾಖಲೆಗಳ ಪ್ರತಿಯನ್ನು ಒಂದು ಹೊಸ ಡಿಸ್ಕ್‌ಗೆ ತೆಗೆದುಕೊಳ್ಳಿ. ಈ ಇಡೀ ಯೋಜನೆಯಲ್ಲಿ ದುಡ್ಡು ಹಾಕಲೇಬೇಕಾದ ವಸ್ತು ಒಂದಿದ್ದರೆ ಅದು ಈ ಹೊಸ ಡಿಸ್ಕ್. ಮುಂದೆ ಇದೇ ನಿಮ್ಮ ಬ್ಯಾಕಪ್ ಆಗುತ್ತದೆ.

ಡಿಸ್ಕ್ ಜೋಡಿಸಿದ ಕೂಡಲೇ ವಿಂಡೋಸ್ ‘ಫಾರ್ಮ್ಯಾಟ್ ಮಾಡಬೇಕೇ’ ಎಂದು ಕೇಳಿದರೆ ಬೇಡ ಎಂದೇ ಒತ್ತಿ. ಓದಲು ತಡವರಿಸುವ ಡಿಸ್ಕ್ ಮೇಲೆ ವಿಂಡೋಸಿನ ದುರಸ್ತಿ ಉಪಕರಣ ಚೆಕ್‌ಡಿಸ್ಕ್ ಓಡಿಸಬೇಡಿ. ಅದು ದುರ್ಬಲ ಡಿಸ್ಕ್‌ನ ಮೇಲೆ ಬರೆಯಲು ತೊಡಗಿ ಉಳಿದದ್ದನ್ನೂ ಕೆಡಿಸಬಹುದು. ಅಂಥ ಡಿಸ್ಕ್‌ಗೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಸರಿಯಾದ ಉಪಕರಣ. ಅದು ಮೊದಲು ಸುಲಭವಾಗಿ ಓದಬಲ್ಲ ಭಾಗಗಳನ್ನು ಎತ್ತಿಕೊಂಡು, ಕಷ್ಟದ ಜಾಗಗಳಿಗೆ ಆಮೇಲೆ ಮರಳುತ್ತದೆ. ಟಕ್ ಟಕ್ ಎಂದು ಒಂದೇ ಲಯದಲ್ಲಿ ಸದ್ದು ಬರುತ್ತಿದ್ದರೆ ತಕ್ಷಣ ಆರಿಸಿ. ಮುಚ್ಚಳ ಬಿಚ್ಚುವುದು, ಫ್ರಿಜ್ಜಿನಲ್ಲಿಡುವುದು ಇತ್ಯಾದಿ ಪ್ರಯೋಗಗಳಿಂದ ದತ್ತಾಂಶ ಮರಳಿ ಪಡೆಯುವ ಕೊನೆಯ ದಾರಿಯೂ ಮುಚ್ಚಿಹೋಗುತ್ತದೆ.

ಹೊರಗಿನ ಕೇಸಿನಲ್ಲಿ ಬಂದ ಡಿಸ್ಕ್‌ಗಳಿಗೆ ಇನ್ನೊಂದು ಎಚ್ಚರಿಕೆ ಇದೆ. ಕೆಲವು ಕೇಸುಗಳ ಬೋರ್ಡು ದತ್ತಾಂಶವನ್ನು ಎನ್‌ಕ್ರಿಪ್ಟ್ ಮಾಡಿಯೇ, ಅಂದರೆ ಗೂಢಲಿಪಿಗೆ ತಿರುಗಿಸಿಯೇ, ಬರೆಯುತ್ತದೆ. ಡಿಸ್ಕನ್ನು ಕೇಸಿನಿಂದ ತೆಗೆದು ನೇರವಾಗಿ ಸಾಟಾಗೆ ಜೋಡಿಸಿದರೆ ಅದು ಖಾಲಿ ಡಿಸ್ಕ್‌ನಂತೆ ಕಾಣುತ್ತದೆ. ಪ್ರತಿ ತೆಗೆಯುವುದು ಮುಗಿಯುವವರೆಗೆ ಕೇಸು ಬಿಚ್ಚಬೇಡಿ. 2.5 ಇಂಚಿನ ಕೆಲವು ಪೋರ್ಟಬಲ್ ಡಿಸ್ಕ್‌ಗಳಲ್ಲಿ ಯುಎಸ್‌ಬಿ ಜಾಕು ಡಿಸ್ಕ್‌ನ ಬೋರ್ಡಿಗೇ ಬೆಸೆದಿರುತ್ತದೆ, ಒಳಗೆ ಸಾಟಾ ಪೋರ್ಟೇ ಇರುವುದಿಲ್ಲ. ಅವನ್ನು ಸರ್ವರಿನ ಲೆಕ್ಕದಿಂದ ಬಿಟ್ಟುಬಿಡಿ.

ನಕಲು ಮುಗಿಯಿತು ಎಂಬ ಸಂದೇಶವನ್ನಷ್ಟೇ ನಂಬಬೇಡಿ. ಟೆರಾಕಾಪಿಯಂಥ ಉಪಕರಣದಲ್ಲಿ ಪರಿಶೀಲನೆಯ ಆಯ್ಕೆಯನ್ನು ಒತ್ತಿ, ಮೂಲ ಮತ್ತು ಪ್ರತಿ ಒಂದೇ ಆಗಿವೆಯೇ ಎಂದು ನೋಡಿಕೊಳ್ಳಿ.

## ಹಂತ 2: ಪಟ್ಟಿ ಮಾಡಿ, ಗುರುತು ಅಂಟಿಸಿ

ಪ್ರತಿ ಡಿಸ್ಕ್‌ನ ಸೀರಿಯಲ್ ಸಂಖ್ಯೆಯ ಕೊನೆಯ ನಾಲ್ಕು ಅಕ್ಷರಗಳನ್ನು ಟೇಪಿನ ಮೇಲೆ ಬರೆದು, ಕ್ಯಾಬಿನೆಟ್ಟಿನಲ್ಲಿ ಕೂರಿಸಿದಾಗಲೂ ಕಾಣುವ ಅಂಚಿಗೆ ಅಂಟಿಸಿ. ಪುಸ್ತಕದಲ್ಲಿ ಅದೇ ಗುರುತಿನ ಎದುರು ಸಾಮರ್ಥ್ಯ, ಮಾಡೆಲ್, ಎಲ್ಲಿಂದ ತೆಗೆದದ್ದು, ತಯಾರಾದ ವರ್ಷ ಬರೆಯಿರಿ. ಇದು ಕ್ಷುಲ್ಲಕವೆಂದು ತೋರಬಹುದು. ಆದರೆ ಲಿನಕ್ಸ್ ಡಿಸ್ಕ್‌ಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಮರುಬೂಟ್ ಆದಾಗ ಅದಲುಬದಲಾಗಬಹುದು. ಕೆಟ್ಟ ಡಿಸ್ಕ್ ಬದಲು ಪಕ್ಕದ ಒಳ್ಳೆಯ ಡಿಸ್ಕನ್ನು ಕಿತ್ತು ಎಲ್ಲವನ್ನೂ ಕಳೆದುಕೊಂಡ ಪ್ರಸಂಗಗಳ ಹಿಂದೆ ಇರುವುದು ಈ ಟೇಪು ಅಂಟಿಸದ ಸೋಮಾರಿತನವೇ.

ಪಟ್ಟಿ ಮಾಡುವಾಗಲೇ ಕೆಲವನ್ನು ಹೊಡೆದುಹಾಕಿ. ಅಗಲ ಪಟ್ಟಿ ಕೇಬಲ್ಲಿನ ಐಡಿಇ ಡಿಸ್ಕ್‌ಗಳು ಬೇಡ. 500 ಜಿಬಿಗಿಂತ ಚಿಕ್ಕವೂ ಬೇಡ, ಏಕೆಂದರೆ ತಿರುಗುತ್ತಲೇ ಇರುವ 3.5 ಇಂಚಿನ ಡಿಸ್ಕ್ ಚಿಕ್ಕದಿರಲಿ ದೊಡ್ಡದಿರಲಿ ಹೆಚ್ಚುಕಡಿಮೆ 6 ವ್ಯಾಟ್ ಎಳೆಯುತ್ತದೆ. ವರ್ಷವಿಡೀ ನಡೆದರೆ ಅದೊಂದಕ್ಕೇ ಸುಮಾರು 52 ಯೂನಿಟ್ ಆಗುತ್ತದೆ. 250 ಜಿಬಿ ಜಾಗಕ್ಕಾಗಿ ಪ್ರತಿ ವರ್ಷ ಅಷ್ಟು ಕರೆಂಟು ಸುಡುವುದರಲ್ಲಿ, ಒಂದು ಸಾಟಾ ಪೋರ್ಟ್ ಕಳೆದುಕೊಳ್ಳುವುದರಲ್ಲಿ ಅರ್ಥವಿಲ್ಲ.

## ಹಂತ 3: ಪರೀಕ್ಷೆ

ಬಹುಪಾಲು ಜನ ಹಾರಿಹೋಗುವ ಹಂತ ಇದು. ಪ್ರತಿ ಡಿಸ್ಕ್ ತನ್ನ ಆರೋಗ್ಯದ ವಿವರಗಳನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಸ್ಮಾರ್ಟ್ ವರದಿ ಎನ್ನುತ್ತಾರೆ. ವಿಂಡೋಸಿನಲ್ಲಿ ಕ್ರಿಸ್ಟಲ್ ಡಿಸ್ಕ್ ಇನ್ಫೋ, ಲಿನಕ್ಸಿನಲ್ಲಿ ಸ್ಮಾರ್ಟ್‌ಸಿಟಿಎಲ್ ಅದನ್ನು ತೋರಿಸುತ್ತವೆ. ಮೇಲ್ಗಡೆ ಹಸಿರು ಬಣ್ಣದಲ್ಲಿ ಕಾಣುವ ‘ಗುಡ್’ ಅಥವಾ ‘ಪಾಸ್ಡ್’ ಎಂಬ ಒಂದು ಮಾತನ್ನು ನೋಡಿ ತೃಪ್ತರಾಗಬೇಡಿ. ಕೆಳಗಿನ ಕಚ್ಚಾ ಅಂಕಿಗಳನ್ನು ಓದಿ.

5ನೆಯ ಸಾಲು ಕೆಟ್ಟುಹೋಗಿ ಬದಲಿ ಜಾಗಕ್ಕೆ ಸಾಗಿಸಿದ ಸೆಕ್ಟರುಗಳ, ಅಂದರೆ ಡಿಸ್ಕ್ ಮೇಲಿನ ಪುಟ್ಟ ತುಣುಕುಗಳ, ಲೆಕ್ಕ. 197ನೆಯದು ಓದಲಾಗದೆ, ಇನ್ನೂ ತೀರ್ಮಾನವಾಗದೆ ಬಾಕಿ ಇರುವ ಸೆಕ್ಟರುಗಳದ್ದು. 198 ಪರೀಕ್ಷೆಯಲ್ಲೂ ಸರಿಪಡಿಸಲಾಗದವುಗಳದ್ದು, 187 ಸರಿಪಡಿಸಲಾಗದೆ ಕಂಪ್ಯೂಟರಿಗೆ ವರದಿ ಮಾಡಿದ ದೋಷಗಳದ್ದು. ಈ ನಾಲ್ಕೂ ಸೊನ್ನೆ ಇರಬೇಕು. 199 ಮಾತ್ರ ಬೇರೆ: ಅದು ಸಾಮಾನ್ಯವಾಗಿ ಕೇಬಲ್ಲಿನ ದೋಷ ಹೇಳುತ್ತದೆ, ಒಮ್ಮೆ ಏರಿದ್ದು ಇಳಿಯುವುದಿಲ್ಲ. ಹಳೆಯ ಅಂಕಿಗೆ ಹೆದರಬೇಕಿಲ್ಲ. ಹೊಸ ಕೇಬಲ್ ಹಾಕಿದ ಮೇಲೂ ಏರುತ್ತಿದೆಯೇ ಎಂದು ನೋಡಿದರೆ ಸಾಕು. ಸೀಗೇಟ್ ಡಿಸ್ಕ್‌ಗಳಲ್ಲಿ 1 ಮತ್ತು 7ನೆಯ ಸಾಲಿನ ಎದುರು ಕೋಟಿಗಟ್ಟಲೆ ಅಂಕಿ ಕಂಡು ಒಳ್ಳೆಯ ಡಿಸ್ಕನ್ನು ಎಸೆದವರೂ ಇದ್ದಾರೆ. ಅಲ್ಲಿ ಆ ಅಂಕಿ ಕಾಣುವುದು ಸಹಜ.

9ನೆಯ ಸಾಲು ಡಿಸ್ಕ್ ಒಟ್ಟು ಎಷ್ಟು ಗಂಟೆ ಕರೆಂಟಿನಲ್ಲಿತ್ತು ಎಂಬುದನ್ನು ಹೇಳುತ್ತದೆ. ವರ್ಷಕ್ಕೆ 8,760 ಗಂಟೆ. ಡಿವಿಆರ್‌ನಿಂದ ತೆಗೆದ ಡಿಸ್ಕ್‌ಗಳಲ್ಲಿ 40,000 ದಾಟಿದ್ದರೆ ಅದು ನಾಲ್ಕೂವರೆ ವರ್ಷಕ್ಕೂ ಹೆಚ್ಚು ಕಾಲ ಹಗಲಿರುಳು ತಿರುಗಿದೆ ಎಂದರ್ಥ. ಹೊರಗಿನಿಂದ ಅದು ಎಷ್ಟೇ ಹೊಸದಾಗಿ ಹೊಳೆಯುತ್ತಿರಲಿ, ಅದಕ್ಕೆ ಮುಖ್ಯ ಜವಾಬ್ದಾರಿ ಕೊಡಬಾರದು.

ವರದಿ ಓದಿದ ಮೇಲೆ ಸ್ಮಾರ್ಟ್‌ನದೇ ದೀರ್ಘ ಪರೀಕ್ಷೆ ಓಡಿಸಿ. ಅದು ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತದೆ. ಅದರಲ್ಲಿ ಪಾಸಾದವನ್ನು, ಒಳಗಿನದೆಲ್ಲ ಬೇರೆಡೆ ಭದ್ರವಾಗಿದೆ ಎಂದು ಇನ್ನೊಮ್ಮೆ ಖಚಿತಪಡಿಸಿಕೊಂಡು, ಲಿನಕ್ಸ್‌ನ ಬ್ಯಾಡ್‌ಬ್ಲಾಕ್ಸ್ ಉಪಕರಣದ ಬರೆದು ಓದುವ ಪರೀಕ್ಷೆಗೆ ಹಾಕಿ. ಈ ಪರೀಕ್ಷೆ ಡಿಸ್ಕ್‌ನಲ್ಲಿರುವ ಎಲ್ಲವನ್ನೂ ಅಳಿಸುತ್ತದೆ. ನಾಲ್ಕು ವಿನ್ಯಾಸಗಳನ್ನು ಬರೆದು ಪ್ರತಿಯೊಂದನ್ನೂ ಓದುವುದರಿಂದ ಇಡೀ ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಎಂಟು ಸಲ ಹಾಯ್ದಂತಾಗುತ್ತದೆ. ಸೆಕೆಂಡಿಗೆ 100 ಎಂಬಿ ವೇಗದ 1 ಟಿಬಿ ಡಿಸ್ಕ್‌ಗೆ ಸುಮಾರು 22 ಗಂಟೆ ಹಿಡಿಯುತ್ತದೆ. ಅವಸರ ಮಾಡಬೇಡಿ, ಕೆಡುವ ಡಿಸ್ಕ್ ನಿಮ್ಮ ಫೋಟೋ ಇಲ್ಲದಾಗಲೇ ಕೆಡಲಿ.

ಪರೀಕ್ಷೆಯ ನಂತರ ಸ್ಮಾರ್ಟ್ ವರದಿಯನ್ನು ಮತ್ತೆ ತೆರೆದು ಹಿಂದಿನ ಅಂಕಿಯ ಪಕ್ಕದಲ್ಲಿ ಬರೆಯಿರಿ. ಉದಾಹರಣೆಗೆ, ಮೊದಲು 197ರಲ್ಲಿ 8 ಇದ್ದ ಡಿಸ್ಕ್‌ನಲ್ಲಿ ಈಗ 197 ಸೊನ್ನೆಯಾಗಿ 5ನೆಯ ಸಾಲಿನಲ್ಲಿ 8 ಕಾಣಬಹುದು. ಬರೆಯುವಾಗ ಡಿಸ್ಕ್ ಆ ಸೆಕ್ಟರುಗಳನ್ನು ಕೈಬಿಟ್ಟು ಬದಲಿ ಜಾಗ ಬಳಸಿಕೊಂಡಿದೆ. ಎರಡನೆಯ ಸುತ್ತಿನಲ್ಲೂ ಅಂಕಿ 8ರಲ್ಲೇ ನಿಂತರೆ ಆ ಡಿಸ್ಕನ್ನು ಮತ್ತೆ ಡೌನ್‌ಲೋಡ್ ಮಾಡಿಕೊಳ್ಳಬಹುದಾದ ಸಿನಿಮಾಗಳಿಗೆ ಇಟ್ಟುಕೊಳ್ಳಬಹುದು, ಸರ್ವರಿನ ಮುಖ್ಯ ಗುಂಪಿಗೆ ಮಾತ್ರ ಬೇಡ. ಒಂದೇ ಒಂದು ಏರಿದರೂ ಹೊರಗೆ ಹಾಕಿ.

ಈ ಕಟ್ಟುನಿಟ್ಟಿಗೆ ಆಧಾರವಿದೆ. ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ ಗೂಗಲ್‌ನ ಎಂಜಿನಿಯರುಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೊದಲ ಸ್ಕ್ಯಾನ್ ದೋಷ (ಡಿಸ್ಕ್ ತನ್ನನ್ನೇ ಓದಿ ನೋಡಿಕೊಳ್ಳುವಾಗ ಸಿಗುವ ದೋಷ) ಕಂಡ ಡಿಸ್ಕ್ ಮುಂದಿನ 60 ದಿನಗಳೊಳಗೆ ಕೆಡುವ ಸಾಧ್ಯತೆ ದೋಷವಿಲ್ಲದ್ದಕ್ಕಿಂತ 39 ಪಟ್ಟು ಹೆಚ್ಚು. ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತು: ಕೆಟ್ಟ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯವಾದ ನಾಲ್ಕು ಸ್ಮಾರ್ಟ್ ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ವರದಿ ಕೆಟ್ಟದಿದ್ದರೆ ನಂಬಿ, ಒಳ್ಳೆಯದಿದ್ದರೆ ಪೂರ್ತಿ ನಂಬಬೇಡಿ.

## ಹಂತ 4: ಯಾವ ಡಿಸ್ಕ್‌ಗೆ ಯಾವ ಕೆಲಸ

ಪಾಸಾದ ಡಿಸ್ಕ್‌ಗಳು ಒಂದೇ ಅಳತೆಯವಾಗಿರುವುದು ಅಪರೂಪ. ಒಂದು ಮನೆಯಲ್ಲಿ ಆರು ಡಿಸ್ಕ್ ಇದ್ದವು ಎಂದುಕೊಳ್ಳೋಣ: 2 ಟಿಬಿಯದು ಒಂದು, 1 ಟಿಬಿಯವು ಮೂರು, ಡಿವಿಆರ್‌ನ 500 ಜಿಬಿಯದು ಒಂದು, ಲ್ಯಾಪ್‌ಟಾಪಿನ 320 ಜಿಬಿಯದು ಒಂದು. 320 ಜಿಬಿಯದು ಎರಡನೆಯ ಹಂತದಲ್ಲೇ ಹೋಯಿತು. 1 ಟಿಬಿಗಳಲ್ಲಿ ಒಂದು ಮೇಲೆ ಹೇಳಿದ 8 ಸೆಕ್ಟರುಗಳ ಕಾರಣಕ್ಕೆ ಹೊರಗಾಯಿತು. ಉಳಿದದ್ದು ನಾಲ್ಕು.

ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸುವ ವಿಧಾನಕ್ಕೆ ರೇಡ್ ಎನ್ನುತ್ತಾರೆ. ಈ ನಾಲ್ಕನ್ನು ಅದರಲ್ಲಿ ಜನರ ಬಾಯಲ್ಲಿ ಹೆಚ್ಚು ಓಡಾಡುವ, ಒಂದು ಡಿಸ್ಕ್ ಕೆಟ್ಟರೂ ತಡೆದುಕೊಳ್ಳುವ ರೇಡ್ 5ಕ್ಕೆ ಹಾಕಿದರೆ ಪ್ರತಿ ಡಿಸ್ಕ್‌ನಿಂದಲೂ ಅತಿ ಚಿಕ್ಕದರಷ್ಟೇ, ಅಂದರೆ 500 ಜಿಬಿ ಮಾತ್ರ ಬಳಕೆಯಾಗುತ್ತದೆ. ಸಿಗುವ ಜಾಗ 1.5 ಟಿಬಿ. ಜಾಗ ಹೋಗುವುದಕ್ಕಿಂತ ದೊಡ್ಡ ತೊಂದರೆ ಬೇರೆಯೇ ಇದೆ. ರೇಡ್ 5ರಲ್ಲಿ ಪ್ರತಿ ಫೈಲು ಎಲ್ಲ ಡಿಸ್ಕ್‌ಗಳ ಮೇಲೂ ಚೂರುಚೂರಾಗಿ ಹಂಚಿಹೋಗಿರುತ್ತದೆ. ಒಂದು ಡಿಸ್ಕ್ ಕೆಟ್ಟು ಹೊಸದನ್ನು ಹಾಕಿದಾಗ, ಉಳಿದ ಮುದಿ ಡಿಸ್ಕ್‌ಗಳು ಗಂಟೆಗಟ್ಟಲೆ ಬಿಡುವಿಲ್ಲದೆ ಓದಿಸಿಕೊಳ್ಳಬೇಕಾಗುತ್ತದೆ. ಎರಡನೆಯದು ಕೆಡುವುದು ಆ ಹೊತ್ತಿನಲ್ಲೇ, ಮತ್ತು ಎರಡನೆಯದು ಕೆಟ್ಟರೆ ಒಳ್ಳೆಯ ಡಿಸ್ಕ್‌ಗಳಲ್ಲಿ ಇದ್ದದ್ದೂ ಓದಲು ಬರುವುದಿಲ್ಲ. ರೇಡ್ 0 ಇನ್ನೂ ಕೆಟ್ಟದ್ದು. ಅದರಲ್ಲಿ ಒಂದು ಹೋದರೆ ಸಾಕು, ಎಲ್ಲವೂ ಹೋಗುತ್ತದೆ.

ಹಳೆಯ, ಬೇರೆಬೇರೆ ಅಳತೆಯ ಡಿಸ್ಕ್‌ಗಳಿಗೆ ನಾನು ಹೇಳುವುದು ಸ್ನ್ಯಾಪ್‌ರೇಡ್ ಮತ್ತು ಮರ್ಜರ್‌ಎಫ್‌ಎಸ್ ಜೋಡಿ. ಮರ್ಜರ್‌ಎಫ್‌ಎಸ್ ಎಲ್ಲ ಡಿಸ್ಕ್‌ಗಳನ್ನೂ ಒಂದೇ ಫೋಲ್ಡರಾಗಿ ತೋರಿಸುತ್ತದೆ, ಆದರೆ ಪ್ರತಿ ಫೈಲು ಇಡಿಯಾಗಿ ಯಾವುದಾದರೂ ಒಂದೇ ಡಿಸ್ಕ್‌ನಲ್ಲಿರುತ್ತದೆ. ಸ್ನ್ಯಾಪ್‌ರೇಡ್ ಅವುಗಳ ಪ್ಯಾರಿಟಿಯನ್ನು, ಅಂದರೆ ಕಳೆದುಹೋದದ್ದನ್ನು ಮತ್ತೆ ಲೆಕ್ಕ ಹಾಕಿ ಕಟ್ಟಲು ಬೇಕಾದ ಮಾಹಿತಿಯನ್ನು, ಪ್ರತ್ಯೇಕ ಡಿಸ್ಕ್‌ನಲ್ಲಿ ಇಡುತ್ತದೆ. ಪ್ಯಾರಿಟಿ ಡಿಸ್ಕ್ ಉಳಿದವುಗಳಲ್ಲಿ ಅತಿ ದೊಡ್ಡದಕ್ಕಿಂತ ಚಿಕ್ಕದಿರಬಾರದು. ನಮ್ಮ ಉದಾಹರಣೆಯಲ್ಲಿ 2 ಟಿಬಿಯದು ಪ್ಯಾರಿಟಿಗೆ ಹೋಗುತ್ತದೆ, ಉಳಿದ ಮೂರರಿಂದ 2.5 ಟಿಬಿ ಜಾಗ ಸಿಗುತ್ತದೆ. ಒಂದು ಡಿಸ್ಕ್ ಕೆಟ್ಟರೆ ಪೂರ್ತಿ ಮರಳಿ ಕಟ್ಟಬಹುದು. ಎರಡು ಒಟ್ಟಿಗೆ ಕೆಟ್ಟರೂ ಉಳಿದ ಡಿಸ್ಕ್‌ಗಳನ್ನು ಯಾವುದೇ ಲಿನಕ್ಸ್ ಕಂಪ್ಯೂಟರಿಗೆ ಹಾಕಿ ಅವುಗಳಲ್ಲಿ ಇರುವುದನ್ನು ಓದಬಹುದು. ಈ ಮೂರರಲ್ಲಿ, ನಲವತ್ತು ಸಾವಿರ ಗಂಟೆ ದಾಟಿದ ಡಿವಿಆರ್ ಡಿಸ್ಕ್ ಪ್ಯಾರಿಟಿಯ ಲೆಕ್ಕದಲ್ಲಿದ್ದರೂ ಮರ್ಜರ್‌ಎಫ್‌ಎಸ್‌ನ ಒಂದೇ ಫೋಲ್ಡರಿಗೆ ಸೇರುವುದು ಬೇಡ; ಅದನ್ನು ಬೇರೆ ಫೋಲ್ಡರಾಗಿ ಹಂಚಿ, ಸಿನಿಮಾ, ಹಾಡುಗಳನ್ನಷ್ಟೇ ಇಡಿ.

ಸ್ನ್ಯಾಪ್‌ರೇಡ್‌ಗೆ ಒಂದು ಮಿತಿ ಇದೆ. ಪ್ಯಾರಿಟಿ ತಾನಾಗಿ ಹೊಸದಾಗುವುದಿಲ್ಲ. ‘ಸಿಂಕ್’ ಓಡಿಸಿದಾಗ ಮಾತ್ರ ಆಗುತ್ತದೆ. ಸಂಜೆ ಹಾಕಿದ ಫೋಟೋಗೆ ರಾತ್ರಿಯ ಸಿಂಕ್ ಆಗುವವರೆಗೆ ರಕ್ಷಣೆ ಇರುವುದಿಲ್ಲ. ಬದಲಾಗದೆ ಸುಮ್ಮನಿರುವ ಫೋಟೋ, ವಿಡಿಯೋ, ಸ್ಕ್ಯಾನ್ ಮಾಡಿದ ದಾಖಲೆಗಳಿಗೆ ಇದು ತಕ್ಕದ್ದು. ಕ್ಷಣಕ್ಷಣಕ್ಕೂ ಬದಲಾಗುವ ಅಂಗಡಿಯ ಲೆಕ್ಕದ ಫೈಲುಗಳಿಗೆ ತಕ್ಕದ್ದಲ್ಲ. ಅವಕ್ಕೆ ಎರಡು ಸಮಾನ ಡಿಸ್ಕ್‌ಗಳಲ್ಲಿ ಒಟ್ಟಿಗೇ ಒಂದೇ ಪ್ರತಿ ಬರೆಯುವ ರೇಡ್ 1 ಒಳ್ಳೆಯದು.

## ಹಂತ 5: ಕಂಪ್ಯೂಟರು, ಎಸ್‌ಎಂಪಿಎಸ್, ಕೇಬಲ್

ಡಿಸ್ಕ್ ಎಷ್ಟು ಎಂದು ಗೊತ್ತಾದ ಮೇಲೆಯೇ ಪೆಟ್ಟಿಗೆ ಹುಡುಕಬೇಕು. ಆಫೀಸುಗಳಿಂದ ಹೊರಬಂದ ನಾಲ್ಕನೆಯ ತಲೆಮಾರಿನ ಅಥವಾ ಅದರ ನಂತರದ ಐ3, ಐ5 ಡೆಸ್ಕ್‌ಟಾಪು, 8 ಜಿಬಿ ರ‍್ಯಾಮ್ ಈ ಕೆಲಸಕ್ಕೆ ಧಾರಾಳವಾಯಿತು. ಕೊಳ್ಳುವ ಮೊದಲು ಮುಚ್ಚಳ ತೆಗೆಸಿ ಎರಡು ವಿಷಯ ಎಣಿಸಿ: ಸಾಟಾ ಪೋರ್ಟುಗಳು ಎಷ್ಟು, 3.5 ಇಂಚಿನ ಡಿಸ್ಕ್ ಕೂರಿಸುವ ಜಾಗಗಳು ಎಷ್ಟು. ತೆಳ್ಳಗಿನ ಬ್ರಾಂಡೆಡ್ ಡೆಸ್ಕ್‌ಟಾಪುಗಳಲ್ಲಿ ಹಲವಕ್ಕೆ ಒಂದೇ ಡಿಸ್ಕ್ ಹಿಡಿಯುತ್ತದೆ, ಒಳಗೆ ಕರೆಂಟು ಒದಗಿಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ಸೂ ಅವುಗಳದೇ ಅಳತೆಯದಾದ್ದರಿಂದ ಬದಲಿಸಲು ಬರುವುದಿಲ್ಲ.

ಹಳೆಯ ಲ್ಯಾಪ್‌ಟಾಪು ಅಥವಾ ಅಂಗೈಯಗಲದ ಕಂಪ್ಯೂಟರಾದ ರಾಸ್ಪ್‌ಬೆರಿ ಪೈಗೆ ಯುಎಸ್‌ಬಿ ಡಿಸ್ಕ್‌ಗಳನ್ನು ನೇತುಹಾಕುವ ಯೋಚನೆ ಅಗ್ಗವೆನಿಸಿದರೂ, ಯುಎಸ್‌ಬಿ ಕ್ಷಣ ಕಾಲ ಕಡಿದುಹೋದರೂ ಡಿಸ್ಕ್ ಗುಂಪಿನಿಂದ ಬಿದ್ದುಹೋಗುತ್ತದೆ. ಹಳೆಯ ಡಿಸ್ಕ್‌ಗಳಿಗೆ ನೇರ ಸಾಟಾವೇ ಸರಿ.

ಎಸ್‌ಎಂಪಿಎಸ್ ವಿಷಯದಲ್ಲಿ ಕೈ ಬಿಗಿ ಮಾಡಬೇಡಿ. 3.5 ಇಂಚಿನ ಡಿಸ್ಕ್ ತಿರುಗಲು ಶುರುವಾಗುವ ಕೆಲವು ಸೆಕೆಂಡು 12 ವೋಲ್ಟಿನ ಸಾಲಿನಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ. ನಾಲ್ಕು ಡಿಸ್ಕ್ ಒಟ್ಟಿಗೆ ಎದ್ದರೆ 8 ಆಂಪಿಯರ್, ಅಂದರೆ 96 ವ್ಯಾಟ್ ಡಿಸ್ಕ್‌ಗಳಿಗೇ ಆಯಿತು. ಮೇಲೆ 450 ವ್ಯಾಟ್ ಎಂದು ದೊಡ್ಡದಾಗಿ ಬರೆದದ್ದನ್ನು ನೋಡದೆ, ಚೀಟಿಯಲ್ಲಿ 12 ವೋಲ್ಟಿನ ಎದುರು ಎಷ್ಟು ಆಂಪಿಯರ್ ಇದೆ ಎಂದು ಓದಿ. ಬೆಳಿಗ್ಗೆ ಆನ್ ಮಾಡಿದಾಗ ಒಂದೊಂದು ದಿನ ಒಂದು ಡಿಸ್ಕ್ ಕಾಣದಿದ್ದು, ಮರುಬೂಟ್ ಮಾಡಿದರೆ ಮರಳಿ ಬಂದರೆ ಮೊದಲು ಎಸ್‌ಎಂಪಿಎಸ್ ಮೇಲೆ ಅನುಮಾನ ಪಡಬೇಕು, ಆಮೇಲೆ ಡಿಸ್ಕ್ ಮೇಲೆ.

ಪವರ್ ಕನೆಕ್ಟರು ಸಾಲದೆ ಮೋಲೆಕ್ಸ್‌ನಿಂದ (ಹಳೆಯ ನಾಲ್ಕು ಪಿನ್ನಿನ ಪವರ್ ಕನೆಕ್ಟರು) ಸಾಟಾಗೆ ಬದಲಿಸುವ ಅಡಾಪ್ಟರ್ ಹಾಕುವುದಾದರೆ, ತಂತಿಗಳ ಸುತ್ತ ಪ್ಲಾಸ್ಟಿಕ್ ಎರಕ ಹೊಯ್ದ ಅಗ್ಗದ ಬಗೆಯದನ್ನು ತರಬೇಡಿ. ಅದರೊಳಗೆ ತಂತಿಗಳು ಒಂದಕ್ಕೊಂದು ತಾಗಿ ಸುಟ್ಟ ಉದಾಹರಣೆಗಳು ಬಹಳ. ಪ್ರತಿ ತಂತಿಯೂ ಬೇರೆಯಾಗಿ ಒಳಗೆ ಕಚ್ಚಿಕೊಂಡಿರುವ ಬಗೆಯದನ್ನು ಕೇಳಿ ತನ್ನಿ. ಡಿಸ್ಕನ್ನು ನಾಲ್ಕೂ ಸ್ಕ್ರೂ ಹಾಕಿ ಬಿಗಿಯಿರಿ, ಕ್ಯಾಬಿನೆಟ್ಟಿನ ತಳದಲ್ಲಿ ಸಡಿಲವಾಗಿ ಇಡಬೇಡಿ.

## ಹಂತ 6: ಕರೆಂಟು, ಸೆಕೆ, ಧೂಳು

ನಮ್ಮ ಕಡೆ ಹಳೆಯ ಡಿಸ್ಕ್‌ಗಳ ಆಯುಸ್ಸು ತೀರ್ಮಾನವಾಗುವುದು ಈ ಮೂರರಲ್ಲಿ. ಬೇಸಿಗೆಯ ಲೋಡ್ ಶೆಡ್ಡಿಂಗ್, ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಹೋಗಿ ಬಂದು ಮಾಡುವ ಕರೆಂಟು, ಸಂಪಿನ ಮೋಟಾರು ಹಾಕಿದ ಕ್ಷಣ ಮಂಕಾಗುವ ದೀಪ ಇವೆಲ್ಲ ಡಿಸ್ಕ್ ಬರೆಯುತ್ತಿರುವ ಹೊತ್ತಿನಲ್ಲೇ ಬರಬಹುದು.

ಮನೆಯ ಇನ್ವರ್ಟರ್ ಇದೆ, ಸಾಕು ಎನ್ನುವುದು ಸಾಮಾನ್ಯ ತಪ್ಪು. ಫ್ಯಾನು, ದೀಪಕ್ಕೆ ಹೊಂದಿಸಿದ ಇನ್ವರ್ಟರ್ ಬ್ಯಾಟರಿಗೆ ತಿರುಗಲು ತೆಗೆದುಕೊಳ್ಳುವ ಚಿಕ್ಕ ಅವಧಿಯಲ್ಲೇ ಕಂಪ್ಯೂಟರು ಆರಿಹೋಗಬಹುದು. ಹಲವು ಇನ್ವರ್ಟರುಗಳ ಹಿಂಭಾಗದಲ್ಲಿ ಯುಪಿಎಸ್ ಮೋಡ್ ಸ್ವಿಚ್ಚಿರುತ್ತದೆ, ಅದನ್ನು ಹಾಕಿ. ಅದಕ್ಕಿಂತ ಒಳ್ಳೆಯದು ಸರ್ವರಿಗೆಂದೇ, ವೋಲ್ಟೇಜಿನ ಏರಿಳಿತವನ್ನೂ ಸರಿದೂಗಿಸುವ, ಒಂದು ಪುಟ್ಟ ಲೈನ್ ಇಂಟರಾಕ್ಟಿವ್ ಯುಪಿಎಸ್. ಕೊಳ್ಳುವಾಗ ಹಿಂದುಗಡೆ ಯುಎಸ್‌ಬಿ ಪೋರ್ಟ್ ಇದೆಯೇ, ಅದು ದತ್ತಾಂಶಕ್ಕೋ ಬರೀ ಫೋನ್ ಚಾರ್ಜಿಗೋ ಎಂದು ವಿಚಾರಿಸಿ. ಅಗ್ಗದ ಮಾಡೆಲುಗಳಲ್ಲಿ ಅದು ಇರುವುದೇ ಇಲ್ಲ. ದತ್ತಾಂಶದ ಪೋರ್ಟ್ ಇದ್ದರೆ ಎನ್‌ಯುಟಿ ಎಂಬ ಸಾಫ್ಟ್‌ವೇರ್ ಬ್ಯಾಟರಿ ಇಳಿಯುವುದನ್ನು ನೋಡಿ, ನೀವು ಮನೆಯಲ್ಲಿ ಇಲ್ಲದಾಗಲೂ ಸರ್ವರನ್ನು ಕ್ರಮವಾಗಿ ಆರಿಸುತ್ತದೆ. ಯುಪಿಎಸ್ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲುತ್ತದೆ. ಹಾಕಿದ ತಿಂಗಳನ್ನು ಅದರ ಮೇಲೇ ಬರೆದಿಡಿ.

ಬಯೋಸ್‌ನಲ್ಲಿ (ಕಂಪ್ಯೂಟರು ಆನ್ ಆಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್‌ನಲ್ಲಿ) ‘ಕರೆಂಟು ಮರಳಿದಾಗ ತಾನಾಗಿ ಆನ್ ಆಗು’ ಎಂಬ ಆಯ್ಕೆಯನ್ನು ಆಫ್ ಮಾಡಿಡಿ. ಹೋದ ಕರೆಂಟು ಐದು ನಿಮಿಷದಲ್ಲಿ ಮೂರು ಸಲ ಬಂದು ಹೋದರೆ ಡಿಸ್ಕ್‌ಗಳೂ ಮೂರು ಸಲ ಎದ್ದು ಬೀಳುತ್ತವೆ. ಸರ್ವರ್ ಹಾಕುವ ಪ್ಲಗ್ಗಿಗೆ ಅರ್ಥಿಂಗ್ ನಿಜವಾಗಿ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ಪರೀಕ್ಷಿಸಿ. ಹಳೆಯ ಮನೆಗಳಲ್ಲಿ ಮೂರನೆಯ ತೂತು ಬರೀ ತೋರಿಕೆಗಿರುವುದುಂಟು. ಕ್ಯಾಬಿನೆಟ್ಟು ಮುಟ್ಟಿದರೆ ಜುಮ್ ಎಂದರೆ ಅಲ್ಲಿಗೆ ನಿಲ್ಲಿಸಿ, ಅರ್ಥಿಂಗ್ ಸರಿಯಾಗುವವರೆಗೆ ಮುಂದೆ ಹೋಗಬೇಡಿ.

ಡಿಸ್ಕ್ 30ರಿಂದ 45 ಡಿಗ್ರಿಯೊಳಗೆ ಇರುವುದು ಹಿತ. 50 ದಾಟುವುದು ಎಚ್ಚರಿಕೆಯ ಗಂಟೆ. ಏಪ್ರಿಲ್, ಮೇ ತಿಂಗಳಲ್ಲಿ ದಾವಣಗೆರೆ, ಚಿತ್ರದುರ್ಗಗಳಲ್ಲಿ ಉಷ್ಣಾಂಶ 38 ಡಿಗ್ರಿ ಮುಟ್ಟುವ ದಿನಗಳಿರುತ್ತವೆ. ಗಾಳಿಯಾಡದ ಕ್ಯಾಬಿನೆಟ್ಟಿನಲ್ಲಿ ಡಿಸ್ಕ್ ಕೋಣೆಗಿಂತ 10 ಡಿಗ್ರಿ ಹೆಚ್ಚಿದ್ದರೂ ಗಡಿಗೆ ಬಂದು ನಿಂತಂತೆಯೇ. ಆದ್ದರಿಂದ ಆರ್‌ಸಿಸಿ ಮೇಲ್ಛಾವಣಿಯ ಕೆಳಗಿನ ಸಜ್ಜಾ, ಬಾಗಿಲು ಮುಚ್ಚಿದ ಮರದ ಕಪಾಟು, ಪಶ್ಚಿಮದ ಬಿಸಿಲು ಬಡಿಯುವ ಗೋಡೆ, ಈ ಮೂರೂ ಬೇಡ. ಡಿಸ್ಕ್‌ಗಳ ಮುಂದೆ ನೇರವಾಗಿ ಗಾಳಿ ಹಾಯುವಂತೆ ನಿಧಾನಕ್ಕೆ ತಿರುಗುವ 120 ಮಿಲಿಮೀಟರಿನ ಒಂದು ಫ್ಯಾನು ಹಾಕಿ, ಎರಡು ಡಿಸ್ಕ್‌ಗಳ ನಡುವೆ ಒಂದು ಜಾಗ ಖಾಲಿ ಬಿಡಿ.

ಮಂಡಕ್ಕಿ ಭಟ್ಟಿಗಳಿರುವ ಕಡೆ, ಅಕ್ಕಿ ಗಿರಣಿಯ ಸಮೀಪ, ರಸ್ತೆಗೆ ತೆರೆದ ಮನೆಗಳಲ್ಲಿ ಮಸಿಯೂ ಧೂಳೂ ಬೇಗ ಸೇರುತ್ತವೆ. ಕ್ಯಾಬಿನೆಟ್ಟನ್ನು ನೆಲದಿಂದ ಎರಡು ಅಡಿ ಮೇಲಿಡಿ, ಗಾಳಿ ಒಳಬರುವ ಕಡೆ ತೊಳೆಯಬಹುದಾದ ಜಾಲರಿ ಹಾಕಿ, ಮೂರು ತಿಂಗಳಿಗೊಮ್ಮೆ ಸರ್ವರ್ ಆರಿಸಿ ಬ್ಲೋವರಿನಿಂದ ಊದಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಂಡಿರಿ.

## ಹಂತ 7: ಸಾಫ್ಟ್‌ವೇರ್

ಇಲ್ಲಿ ಹೆಚ್ಚು ಹೇಳುವುದಿಲ್ಲ. ಡೆಬಿಯನ್ ಎಂಬ ಲಿನಕ್ಸ್ ಆಧಾರಿತ, ಸ್ಟೋರೇಜ್ ಸರ್ವರಿಗೆಂದೇ ಮಾಡಿದ ಓಪನ್‌ಮೀಡಿಯಾವಾಲ್ಟ್ ಉಚಿತವಾಗಿ ಸಿಗುತ್ತದೆ, ಹಳೆಯ ಯಂತ್ರದಲ್ಲೂ ಹಗುರವಾಗಿ ಓಡುತ್ತದೆ. ಸ್ನ್ಯಾಪ್‌ರೇಡ್, ಮರ್ಜರ್‌ಎಫ್‌ಎಸ್ ಅದಕ್ಕೆ ಪ್ಲಗಿನ್‌ಗಳಾಗಿ ದೊರೆಯುತ್ತವೆ. ಅದನ್ನು ಒಂದು ಚಿಕ್ಕ ಎಸ್‌ಎಸ್‌ಡಿಗೆ ಹಾಕಿ. ಇನ್‌ಸ್ಟಾಲ್ ಮಾಡುವಾಗ ಬೇರೆ ಎಲ್ಲ ಡಿಸ್ಕ್‌ಗಳ ಕೇಬಲ್ ತೆಗೆದಿಡಿ. ತಪ್ಪು ಡಿಸ್ಕ್ ಆರಿಸಿ ಅಳಿಸಿಬಿಡುವ ಅಪಾಯ ಅಷ್ಟರಿಂದಲೇ ತಪ್ಪುತ್ತದೆ. ಮೊದಲ ಲಾಗಿನ್‌ನಲ್ಲೇ ಪಾಸ್‌ವರ್ಡ್ ಬದಲಿಸಿ. ದತ್ತಾಂಶದ ಡಿಸ್ಕ್‌ಗಳನ್ನು ಲಿನಕ್ಸ್‌ನ ಎಕ್ಸ್ಟ್4 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ. ಸ್ನ್ಯಾಪ್‌ರೇಡ್‌ನ ‘ಕಂಟೆಂಟ್’ ಫೈಲು, ಅಂದರೆ ಯಾವ ಡಿಸ್ಕ್‌ನಲ್ಲಿ ಏನಿದೆ ಎಂಬ ಪಟ್ಟಿ, ಕನಿಷ್ಠ ಎರಡು ಬೇರೆಬೇರೆ ಡಿಸ್ಕ್‌ಗಳಲ್ಲಿ ಇರಲಿ. ಅದಿಲ್ಲದೆ ಪ್ಯಾರಿಟಿಯಿಂದ ಪ್ರಯೋಜನವಿಲ್ಲ.

ರಾತ್ರಿಯ ಸಿಂಕ್ ತಾನಾಗಿ ಓಡುವಂತೆ ಮಾಡುವಾಗ, ಅಳಿಸಿಹೋದ ಫೈಲುಗಳ ಸಂಖ್ಯೆ ಒಂದು ಮಿತಿ ದಾಟಿದ್ದರೆ ಸಿಂಕ್ ನಿಲ್ಲುವಂತೆ ಕಟ್ಟುಪಾಡು ಹಾಕಿ. ಮಗು ಒಂದು ಫೋಲ್ಡರು ಅಳಿಸಿದ ರಾತ್ರಿಯೇ ಸಿಂಕ್ ಓಡಿದರೆ ಮರಳಿ ತರುವ ದಾರಿಯೂ ಅಳಿಸಿಹೋಗುತ್ತದೆ. ವಾರಕ್ಕೊಮ್ಮೆ ‘ಸ್ಕ್ರಬ್’ ಓಡಿದರೆ ಹಳೆಯ ಫೈಲುಗಳು ಸದ್ದಿಲ್ಲದೆ ಕೊಳೆಯುತ್ತಿವೆಯೇ ಎಂಬುದು ತಿಳಿಯುತ್ತದೆ.

ಡಿಸ್ಕ್‌ಗಳನ್ನು ಹತ್ತು ನಿಮಿಷಕ್ಕೊಮ್ಮೆ ಮಲಗಿಸಿ ಎಬ್ಬಿಸುವ ಆಯ್ಕೆ ಬೇಡ. ಮುದಿ ಡಿಸ್ಕ್ ದಣಿಯುವುದು ಏಳುವಾಗಲೇ. ದಿನಕ್ಕೆ ಒಂದೆರಡು ಸಲ ಮಾತ್ರ ಬಳಸುವ ಮನೆಯಾದರೆ ಒಂದು ಗಂಟೆಗಿಂತ ಹೆಚ್ಚಿನ ಅವಧಿ ಕೊಡಿ, ಇಲ್ಲವೇ ಮಲಗಿಸಲೇಬೇಡಿ.

## ಹಂತ 8: ಮನೆಯ ಜಾಲ ಮತ್ತು ಬಾಗಿಲುಗಳು

ಸರ್ವರನ್ನು ವೈಫೈಗಲ್ಲ, ಕೇಬಲ್ಲಿನಿಂದ ರೂಟರಿಗೆ ಜೋಡಿಸಿ. ವೇಗ ಸೆಕೆಂಡಿಗೆ 11 ಎಂಬಿ ಆಸುಪಾಸಿನಲ್ಲೇ ನಿಂತರೆ ಎಲ್ಲೋ ಒಂದು ಕಡೆ 100 ಎಂಬಿಪಿಎಸ್‌ನ ಕೊಂಡಿ ಇದೆ ಎಂದರ್ಥ: ಒಂದೋ ರೂಟರಿನ ಪೋರ್ಟು ಹಳೆಯದು, ಇಲ್ಲವೇ ಕೇಬಲ್ಲಿನ ಎಂಟು ತಂತಿಗಳಲ್ಲಿ ನಾಲ್ಕನ್ನೇ ಕ್ರಿಂಪ್ ಮಾಡಿದ್ದಾರೆ. 500 ಜಿಬಿ ಸಾಗಿಸಲು ಆ ವೇಗದಲ್ಲಿ ಹನ್ನೆರಡೂವರೆ ಗಂಟೆ ಹಿಡಿದರೆ, ಗಿಗಾಬಿಟ್ ಕೊಂಡಿಯಲ್ಲಿ ಒಂದೂಕಾಲು ಗಂಟೆ ಸಾಕು. ಕ್ಯಾಟ್ 5ಇ ಕೇಬಲ್ಲೇ 100 ಮೀಟರಿನವರೆಗೆ ಗಿಗಾಬಿಟ್ ಒಯ್ಯುತ್ತದೆ.

ಮನೆಯ ಪ್ರತಿಯೊಬ್ಬರಿಗೂ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಕೊಡಿ. ಹಳೆಯ ಫೋಟೋಗಳ ಫೋಲ್ಡರನ್ನು ಎಲ್ಲರಿಗೂ ಓದಲು ಮಾತ್ರ ತೆರೆಯಿರಿ, ಬರೆಯುವ ಅಧಿಕಾರ ಒಬ್ಬರಿಗಿರಲಿ. ಹಳೆಯ ಟಿವಿಗೆ ಬೇಕೆಂದು, ಫೈಲು ಹಂಚುವ ಹಳೆಯ ವಿಧಾನವಾದ ಎಸ್‌ಎಂಬಿ 1 ಆನ್ ಮಾಡಬೇಡಿ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ ವಾನಾಕ್ರೈ ಹರಡಿದ್ದು ವಿಂಡೋಸಿನ ಅದೇ ಕಿಂಡಿಯಿಂದ.

ಊರ ಹೊರಗಿನಿಂದಲೂ ಫೋಟೋ ನೋಡಬೇಕೆಂದು ರೂಟರಿನಲ್ಲಿ ಪೋರ್ಟ್, ಅಂದರೆ ಅಂತರ್ಜಾಲದಿಂದ ಒಳಬರುವ ದಾರಿ, ತೆರೆಯುವುದು ದೊಡ್ಡ ಅಪಾಯ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ರ‍್ಯಾನ್ಸಮ್‌ವೇರ್ ಅಂತರ್ಜಾಲಕ್ಕೆ ನೇರವಾಗಿ ತೆರೆದಿದ್ದ ಕ್ಯೂನ್ಯಾಪ್ ಸ್ಟೋರೇಜ್ ಸಾಧನಗಳ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತು. ಟೇಲ್‌ಸ್ಕೇಲ್ ಅಥವಾ ವೈರ್‌ಗಾರ್ಡ್‌ನಂಥ ವಿಪಿಎನ್ (ಹೊರಗಿನಿಂದ ಮನೆಯ ಜಾಲಕ್ಕೆ ಬರುವ ಗುಪ್ತ ದಾರಿ) ಬಳಸಿ. ಟೇಲ್‌ಸ್ಕೇಲ್‌ಗೆ ರೂಟರಿನಲ್ಲಿ ಯಾವ ಪೋರ್ಟನ್ನೂ ತೆರೆಯಬೇಕಾಗಿಲ್ಲ.

## ಹಂತ 9: ಬ್ಯಾಕಪ್ ಮತ್ತು ತಾಲೀಮು

ಪ್ಯಾರಿಟಿ ಬ್ಯಾಕಪ್ ಅಲ್ಲ. ಕಳ್ಳತನ, ಸಿಡಿಲು, ತಪ್ಪಾಗಿ ಅಳಿಸಿದ್ದು, ವೈರಸ್, ಇವುಗಳಲ್ಲಿ ಒಂದಕ್ಕೂ ಅದನ್ನು ನೆಚ್ಚುವಂತಿಲ್ಲ. ಮೊದಲ ಹಂತದಲ್ಲಿ ಕೊಂಡ ಹೊಸ ಡಿಸ್ಕ್‌ಗೆ ತಿಂಗಳಿಗೊಮ್ಮೆ ಮುಖ್ಯ ಫೋಲ್ಡರುಗಳನ್ನು ನಕಲು ಮಾಡಿ, ಬಿಚ್ಚಿ, ಬೇರೆ ಮನೆಯಲ್ಲಿಡಿ. ಹರಿಹರದಲ್ಲಿ ಅಕ್ಕನೋ ಅಣ್ಣನೋ ಇದ್ದರೆ ಅವರ ಬೀರು ಸಾಕು. ಸರ್ವರಿಗೆ ಸದಾ ಜೋಡಿಸಿಯೇ ಇಟ್ಟ ಬ್ಯಾಕಪ್ ಡಿಸ್ಕ್ ಸಿಡಿಲಿಗೆ ಸರ್ವರಿನ ಜೊತೆಯೇ ಹೋಗುತ್ತದೆ.

ನಿಜವಾದ ಫೋಟೋ ತುಂಬುವ ಮೊದಲು ಒಂದು ತಾಲೀಮು ಮಾಡಲೇಬೇಕು. ಕೆಲಸಕ್ಕೆ ಬಾರದ 20 ಜಿಬಿ ಫೈಲು ಹಾಕಿ, ಸಿಂಕ್ ಮಾಡಿ, ಸರ್ವರ್ ಆರಿಸಿ, ಒಂದು ಡಿಸ್ಕ್‌ನ ಕೇಬಲ್ ಕಿತ್ತು ಮತ್ತೆ ಆನ್ ಮಾಡಿ. ಓಪನ್‌ಮೀಡಿಯಾವಾಲ್ಟ್‌ನಲ್ಲಿ ಹೊಂದಿಸಿಟ್ಟ ಎಚ್ಚರಿಕೆಯ ಮಿಂಚಂಚೆ ಬಂತೇ? ಸರಿಯಾದ ಡಿಸ್ಕ್‌ನ ಸೀರಿಯಲ್ ಸಂಖ್ಯೆಯನ್ನು ಹೇಳಿತೇ? ಖಾಲಿ ಡಿಸ್ಕ್ ಕೊಟ್ಟು ಸ್ನ್ಯಾಪ್‌ರೇಡ್‌ನ ‘ಫಿಕ್ಸ್’ ಓಡಿಸಿದಾಗ ಫೈಲುಗಳು ಮರಳಿ ಬಂದು ತೆರೆದವೇ? ಈ ಮೂರಕ್ಕೂ ಹೌದು ಎಂಬ ಉತ್ತರ ಬಂದ ಮೇಲೆ, ಆಗಷ್ಟೇ, ಫೋಟೋ ತುಂಬಿ.

## ಹಂತ 10: ಡಿಸ್ಕ್ ಕೆಟ್ಟ ದಿನ

ಮೊದಲ ಲಕ್ಷಣಗಳು ಚಿಕ್ಕವಾಗಿರುತ್ತವೆ. ಒಂದು ಫೋಲ್ಡರು ತೆರೆಯಲು ಅರ್ಧ ನಿಮಿಷ ಹಿಡಿಯುವುದು, ನಕಲು ನಡುವೆ ನಿಂತು ಮತ್ತೆ ಓಡುವುದು, ಸ್ಮಾರ್ಟ್‌ನಲ್ಲಿ 197 ಸೊನ್ನೆಯಿಂದ ಕದಲುವುದು, ಡಿಸ್ಕ್ ತಿರುಗಿ ನಿಂತು ಮತ್ತೆ ತಿರುಗುವ ಸದ್ದು: ಇವುಗಳಲ್ಲಿ ಯಾವುದು ಕಂಡರೂ ಅಂದೇ ಕೆಲಸಕ್ಕಿಳಿಯಬೇಕು.

ಮೊದಲು ರಾತ್ರಿಯ ಸಿಂಕ್ ನಿಲ್ಲಿಸಿ. ಕೆಟ್ಟ ಡಿಸ್ಕ್ ಇರುವಾಗ ಸಿಂಕ್ ಓಡಿಸುವುದು ಸ್ನ್ಯಾಪ್‌ರೇಡ್ ಬಳಸುವವರು ಮಾಡುವ ಅತಿ ದುಬಾರಿ ತಪ್ಪು. ಹೊಸದಾಗಿ ಏನನ್ನೂ ಬರೆಯಬೇಡಿ, ಅಳಿಸಲೂ ಬೇಡಿ. ಡಿಸ್ಕ್ ಇನ್ನೂ ಓದುತ್ತಿದ್ದರೆ ಇರುವುದನ್ನು ಬೇರೆಡೆಗೆ ಎತ್ತಿಕೊಳ್ಳಿ. ಆಮೇಲೆ ಆರಿಸಿ, ಪುಸ್ತಕದಲ್ಲಿನ ಗುರುತನ್ನೂ ಟೇಪಿನ ಗುರುತನ್ನೂ ತಾಳೆ ನೋಡಿ, ಕೇಬಲ್ ಮೊದಲು ಬದಲಿಸಿ ನೋಡಿ, ಅದರಿಂದ ಸರಿಹೋಗದಿದ್ದರೆ ಡಿಸ್ಕ್ ತೆಗೆಯಿರಿ. ಅದರ ಜಾಗಕ್ಕೆ ಬರುವ ಡಿಸ್ಕ್ ಹಳೆಯದೇ ಆಗಿದ್ದರೂ ಮೂರನೆಯ ಹಂತದ ಪರೀಕ್ಷೆ ಮುಗಿಸಿಯೇ ಒಳಗೆ ಹೋಗಬೇಕು. ಹೀಗಾಗಿ ಪರೀಕ್ಷೆ ಮುಗಿಸಿದ ಒಂದು ಡಿಸ್ಕ್ ಯಾವಾಗಲೂ ಬೀರುವಿನಲ್ಲಿ ಸಿದ್ಧವಾಗಿರಲಿ. ‘ಫಿಕ್ಸ್’ ಮುಗಿದ ಮೇಲೆ ‘ಚೆಕ್’ ಓಡಿಸಿ, ಆಮೇಲೆ ಸಿಂಕ್ ಮರಳಿ ಆರಂಭಿಸಿ.

ತೆಗೆದ ಡಿಸ್ಕನ್ನು ಗುಜರಿಗೆ ಹಾಗೆಯೇ ಕೊಡಬೇಡಿ. ಅದು ಇನ್ನೂ ತಿರುಗುತ್ತಿದ್ದರೆ ಪೂರ್ತಿ ಸೊನ್ನೆ ಬರೆದು ಅಳಿಸಿ. ತಿರುಗದಿದ್ದರೆ ಕಣ್ಣಿಗೆ ಕನ್ನಡಕ ಹಾಕಿಕೊಂಡು, ಬೋರ್ಡು ಬಿಚ್ಚಿ, ಒಳಗಿನ ತಟ್ಟೆಗಳ ಮೂಲಕ ಹಾಯುವಂತೆ ಎರಡು ಮೂರು ಕಡೆ ಡ್ರಿಲ್ ಮಾಡಿ. ಲ್ಯಾಪ್‌ಟಾಪಿನ ಡಿಸ್ಕ್‌ಗಳ ತಟ್ಟೆ ಗಾಜಿನದಾಗಿರಬಹುದು, ಸಿಡಿಯುತ್ತದೆ. ಡ್ರಿಲ್ ಮಾಡುವ ಮೊದಲು ದಪ್ಪ ಬಟ್ಟೆಯಲ್ಲಿ ಸುತ್ತಿಕೊಳ್ಳಿ. ಆಮೇಲೆ ಇ-ತ್ಯಾಜ್ಯ ಪಡೆಯುವವರಿಗೆ ಒಪ್ಪಿಸಿ, ನೋಟ್ ಪುಸ್ತಕದಲ್ಲಿ ಆ ಸಾಲನ್ನು ಹೊಡೆದು, ಪಕ್ಕದಲ್ಲಿ ದಿನಾಂಕವನ್ನೂ ಕೆಟ್ಟ ಕಾರಣವನ್ನೂ ಬರೆಯಿರಿ.